ಕಡಲಿಗಿಟ್ಟ ಕಿವಿ

ವಾರಿಜಾ ಯಂತ್ರದ ಬೆನ್ನಿಗಿದ್ದ ಜಾಲರಿಯನ್ನು ಬಿಚ್ಚಿ ತಂದು ನೆಲದ ಮೇಲೆ ಕೂತಳು. ಮಡಿಲಲ್ಲಿ ಹಳೆಯ ಪೇಪರು ಹಾಸಿಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ಜಾಲರಿಯ ಒಂದೊಂದೇ ಕಣ್ಣನ್ನು ತಿಕ್ಕತೊಡಗಿದಳು. ಕಡಲ ಗಾಳಿಯ ಉಪ್ಪು ಬೆಳ್ಳಗೆ ಪುಡಿಪುಡಿಯಾಗಿ ಉದುರಿತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಮಾಡುವ ಕೆಲಸ. ಉಳಿದ ದಿನಗಳಲ್ಲಿ ಯಾರಾದರೂ ಹಿಂದಿನಿಂದ ಒಂದು ತಮಾಷೆಯ ಮಾತು ಎಸೆಯುತ್ತಿದ್ದರು. ಇವತ್ತು ಕೋಣೆಯಲ್ಲಿ ಆರು ಜನ ನಿಂತಿದ್ದರೂ ಬ್ರಷ್ಷಿನ ಸದ್ದೊಂದೇ. ಅವಳು ತಿಕ್ಕಿದ ಕಣ್ಣನ್ನೇ ಮತ್ತೆ ತಿಕ್ಕಿದಳು.

ಅವಳ ಅಣ್ಣ ಶೀನ ನಿನ್ನೆ, ಬುಧವಾರ, ಬೆಳಗಿನ ಐದಕ್ಕೆ ಗಂಗಾಮತಿ ದೋಣಿಯನ್ನು ಕಂಚಿಕೋಡಿ ಬಂದರಿನಿಂದ ಹೊರಡಿಸಿದ್ದ. ದೋಣಿ ನಡೆಸುವ ತಂಡೇಲ ಅವನು, ಜೊತೆಗೆ ಮೂವರು. ಸಂಜೆ ಆರಕ್ಕೆ ಬರಬೇಕಿತ್ತು. ಈಗ ಗುರುವಾರ ಬೆಳಿಗ್ಗೆ ಏಳೂವರೆ. ವೈರ್‌ಲೆಸ್ಸಿನಲ್ಲಿ ಕರೆದು ಕರೆದು ಸಾಕಾಗಿತ್ತು.

ಇಂಥ ದಿನ ಬರಬಾರದೆಂದೇ ಕಡಲಕಿವಿ ಎಂಬ ಈ ಯಂತ್ರವನ್ನು ಕಟ್ಟಿದ್ದರು. ಬಂದರಿನಿಂದ ಹತ್ತು ಹನ್ನೆರಡು ಮೈಲಿ ಆಚೆ ಏಳು ಕಡೆ ತೇಲುವ ಡಬ್ಬಿಗಳು. ಒಂದೊಂದು ಡಬ್ಬಿಯಿಂದ ನೀರಿನಡಿಗೆ ಇಳಿಬಿಟ್ಟ ಒಂದೊಂದು ಮೈಕು. ಮನುಷ್ಯರ ದನಿಯ ಹಾಗೆ ಪ್ರತಿ ದೋಣಿಯ ಎಂಜಿನ್ನಿಗೂ ಒಂದು ದನಿ ಇರುತ್ತದೆ. ಆ ದನಿಯನ್ನು ಗುರುತಿಸಿ, ಯಾವ ದೋಣಿ ಯಾವ ನಿಮಿಷದಲ್ಲಿ ಎಲ್ಲಿತ್ತು ಎಂದು ದಡದ ಯಂತ್ರ ಬರೆದಿಡುತ್ತದೆ. ಮೀನಿನ ಹಿಂಡು ಸರಿದಾಡುವ ಸದ್ದನ್ನೂ ಕೇಳಿ ದಿಕ್ಕು ಹೇಳುತ್ತದೆ. ಅದು ಬಂದು ಮೂರು ವರ್ಷವಾಗುವಷ್ಟರಲ್ಲಿ ತಂಡೇಲರು ಅಪಾಯದಲ್ಲಿ ದಡಕ್ಕೆ ಸುದ್ದಿ ಕಳಿಸುವ ಪೆಟ್ಟಿಗೆಗಳನ್ನು ಚಾರ್ಜ್ ಮಾಡುವುದನ್ನೂ ಬಿಟ್ಟಿದ್ದರು. ಕಿವಿ ಇದೆಯಲ್ಲ, ಇನ್ನೆಂತಕ್ಕೆ ಎಂಬ ಧೈರ್ಯ.

ಆದರೆ ಬುಧವಾರ ಬೆಳಗಿನ ಆರರಿಂದ ಏಳೂ ಹತ್ತರವರೆಗಿನ ಬರಹವನ್ನು ಯಂತ್ರಕ್ಕೆ ಓದಲಾಗುತ್ತಿರಲಿಲ್ಲ. ಐದೂ ಐವತ್ತಕ್ಕೆ ಗಂಗಾಮತಿ ತೆಂಕು ದಿಕ್ಕಿನಲ್ಲಿತ್ತು. ಆಮೇಲೆ ಪರದೆಯ ತುಂಬ ಕೆಂಪು ಗೆರೆ. ಕೆಂಪು ಮುಗಿದ ಮೇಲೆ ಗಂಗಾಮತಿಯ ಹೆಸರೇ ಇಲ್ಲ.

“ಡಿಸ್ಕ್ ಪುನಃ ಹೋಯ್ತು,” ಎಂದರು ಲ್ಯಾನ್ಸಿ ಸರ್, ಯಾರಿಗೂ ಅಲ್ಲದ ಹಾಗೆ. ಯಂತ್ರ ನೋಡಿಕೊಳ್ಳುವ ತಂತ್ರಜ್ಞ ಅವರು. “ಇದು ಮೂರನೇದು. ಮೊನ್ನೆ ತಾನೇ ಹೊಸತು ತರಿಸಿ ಹಾಕಿದ್ದು. ಕೇಬಲ್ ಬದಲಿಸಿದೆ. ಕರೆಂಟಿನ ಪೆಟ್ಟಿಗೆ ಬದಲಿಸಿದೆ. ಇನ್ನೆಂತ ಬದಲಿಸ್ಲಿ ನಾನು?”

“ನಿಮ್ಮನ್ನ್ ಬದ್ಲ್ಸ್‌ಕ್,” ಎಂದರು ಕಾಂಚನ್ ಯಜಮಾನರು. ದೋಣಿ ಅವರದು. ರಾತ್ರಿಯಿಡೀ ತೆಂಕಿನಲ್ಲಿ ಹುಡುಕಿ ಬಂದ ಕಣ್ಣು ಕೆಂಡದಂತಿತ್ತು. ಯಾರೂ ನಗಲಿಲ್ಲ.

ವಾರಿಜಾ ಜಾಲರಿಯನ್ನು ಗೋಡೆಗೆ ಒರಗಿಸಿ ಎದ್ದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಸಿಗಡಿ ಸುಲಿಯಲು ಹೋದವಳು. ಅಲ್ಲಿಂದ ಇಲ್ಲಿಗೆ, ಗುಡಿಸಿ ಒರೆಸುವ ಕೆಲಸಕ್ಕೆ. ಈ ಕೋಣೆಯಲ್ಲಿ ಅವಳು ಆಡಿದ ಮಾತುಗಳನ್ನೆಲ್ಲ ಒಟ್ಟು ಹಾಕಿದರೂ ಒಂದು ಪುಟ ತುಂಬುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಲ್ಯಾನ್ಸಿ ಸರ್ ಮುಂದೆ ಇಟ್ಟಳು.

“ಸರ್, ಡಿಸ್ಕ್ ಹಾಳಾದ್ದಲ್ಲ.”

“ಎಂತ?”

“ಕಾಣಿ ಸರ್. ಕೆಂಪು ಗೆರೆ ಬಂದ ದಿನ ನಾನ್ ಚುಕ್ಕಿ ಇಟ್ಟಿದ್ದೆ.”

ತಾರೀಕುಗಳ ಮೂಲೆಯಲ್ಲಿ ಪೆನ್ಸಿಲಿನ ಸಣ್ಣ ಸಣ್ಣ ಚುಕ್ಕಿಗಳಿದ್ದವು. ಕೆಲವು ದಿನ ಒಂದು, ಕೆಲವು ದಿನ ನಾಲ್ಕು. ಬಂದರಿಗೆ ರಜೆ ಇದ್ದ ದಿನಗಳಲ್ಲಿ ಮಾತ್ರ ಒಂದೂ ಇರಲಿಲ್ಲ. ಮೊದಲ ಡಿಸ್ಕಿದ್ದ ತಿಂಗಳಲ್ಲೂ ಹಾಗೆಯೇ, ಎರಡನೆಯದಿದ್ದ ತಿಂಗಳಲ್ಲೂ ಹಾಗೆಯೇ.

“ರಜೆ ದಿನ ವೇಗ ಹಾಕೂದಿಲ್ಲ ಅಲ್ದಾ,” ಎಂದಳು ವಾರಿಜಾ.

ಲ್ಯಾನ್ಸಿ ಸರ್ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದರು. ಅವರ ಮುಖದ ಬಣ್ಣ ಇಳಿಯಿತು.

ವೇಗದ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಮಳೆಗಾಲ ಕಳೆದು ಮೀನುಗಾರಿಕೆ ಶುರುವಾದಾಗ ಕಾಂಚನ್ ಯಜಮಾನರು ಇದೇ ಕಿಟಕಿಗೆ ಬಂದು ಕೂಗಾಡಿದ್ದರು. “ಹ್ವಾಯ್ ಲ್ಯಾನ್ಸಿ, ಆಚೆ ಬಂದರಿನವ್ರಿಗೆ ಮೀನಿನ ದಿಕ್ಕ್ ನಾಲ್ಕ್ ನಿಮಿಷಕ್ಕೆ ಸಿಕ್ಕತ್ತ್. ನಮಗೆ ಹನ್ನೊಂದ್. ನಾವ್ ಹೋಪಷ್ಟೊತ್ತಿಗೆ ಅವ್ರ್ ಬಲೆ ಎಳ್ದಾಯ್ತ್. ಇದೆಂತ ಯಂತ್ರವಾ, ಎತ್ತಿನ ಗಾಡಿಯಾ?” ಅವತ್ತೇ ಲ್ಯಾನ್ಸಿ ಸರ್ ಯಂತ್ರದ ಒಳಗಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ಏರಿಸಿದ್ದರು. ಮೆಮೊರಿ ಅದಕ್ಕೆ ಹೇಳಿದ ಮಿತಿಗಿಂತ ಜೋರಾಗಿ ಓಡಬೇಕು. ಬರೆದದ್ದನ್ನು ಮತ್ತೊಮ್ಮೆ ಓದಿ ತಾಳೆ ನೋಡುವುದು ಬೇಡ. ಎಲ್ಲ ಒಂದೇ ಗುಂಡಿಗೆ ಸೇರಿಸಿ, ಅದರ ಮೇಲೆ ‘ವೇಗ’ ಎಂದು ಚೀಟಿ ಅಂಟಿಸಿದ್ದರು. ಹನ್ನೊಂದು ನಿಮಿಷ ಮೂರಕ್ಕಿಳಿಯಿತು. ಬಂದರಿನವರು ಲ್ಯಾನ್ಸಿ ಸರ್‌ಗೆ ಶಾಲು ಹೊದಿಸಿದ್ದರು.

ಅವರು ಬರುವುದು ಏಳಕ್ಕೆ. ಬೆಳಗಿನ ನಾಲ್ಕೂವರೆಗೆ ಬೀಗ ತೆಗೆಯುವವಳು ವಾರಿಜಾ. ಗುಂಡಿ ಒತ್ತುವವಳೂ ಅವಳೇ. ಬುಧವಾರ ಕಿಟಕಿಯಲ್ಲಿ ಮುಖ ಇಟ್ಟು ನಿಂತಿದ್ದವನು ಶೀನ. “ಒತ್ತ್ ಹೆಣ್ಣೆ ಬೇಗ, ಎಂತ ಪೂಜೆ ಮಾಡ್ತಿದ್ಯಾ ಅದಕ್ಕೆ?” ಎಂದಿದ್ದ. ಒತ್ತಿದ್ದಳು.

ಲ್ಯಾನ್ಸಿ ಸರ್ ಕಪಾಟಿನಿಂದ, ಕೆಟ್ಟಿತೆಂದು ಎತ್ತಿಟ್ಟಿದ್ದ ಮೊದಲ ಡಿಸ್ಕನ್ನು ತೆಗೆದರು. ವೇಗದ ಗುಂಡಿಯನ್ನು ಆರಿಸಿ, ಎಲ್ಲ ಸೆಟ್ಟಿಂಗನ್ನೂ ಮೊದಲಿದ್ದಲ್ಲಿಗೆ ಇಳಿಸಿ, ಆ ಡಿಸ್ಕಿಗೆ ಬರೆಸಿ ಓದಿಸಿದರು. ಇಪ್ಪತ್ತು ನಿಮಿಷ ಯಾರೂ ಕೂರಲಿಲ್ಲ. ಕೊನೆಗೆ ಪರದೆಯ ಮೇಲೆ ಒಂದು ಸೊನ್ನೆ ಬಂತು. ಒಂದು ತಪ್ಪೂ ಇಲ್ಲ.

“ಡಿಸ್ಕಿಗೆ ಎಂತದೂ ಆಗ್ಲಿಲ್ಲ,” ಎಂದರು. “ಅವಸರದಲ್ಲಿ ಪಾತ್ರೆಯಿಂದ ಪಾತ್ರೆಗೆ ಸುರಿದ ಹಾಗೆ. ಮೆಮೊರಿಯಲ್ಲೇ ಚೆಲ್ಲಿಹೋಗಿದೆ. ಡಿಸ್ಕ್ ಪಾಪ, ಕೈಗೆ ಬಂದ ಕೆಟ್ಟದ್ದನ್ನೇ ಸರಿಯಾಗಿ ಬರೆದುಕೊಂಡಿದೆ.” ಕನ್ನಡಕ ತೆಗೆದು ಅವಳ ಕಡೆ ನೋಡಿದರು. “ಎಷ್ಟು ಸಮಯದಿಂದ ಗೊತ್ತು ನಿನಗೆ?”

“ದೀಪಾವಳಿಗೆ ಒಂದ್ಸಲ ಹೇಳಿದ್ದೆ ಸರ್.”

ಹೇಳಿದ್ದು ನಿಜ. ಅರ್ಧ ಮಾತು, ನೆಲ ನೋಡುತ್ತ. ‘ಗುಡಿಸುವಾಗ ವೈರ್ ತಾಗಿಸ್ಬೇಡ ಮಾರಾಯ್ತಿ, ಅಷ್ಟು ಸಾಕು’ ಎಂದು ಅವರು ನಕ್ಕಿದ್ದರು. ಉಳಿದರ್ಧ ಮಾತನ್ನು ಅವಳು ಆಮೇಲೆ ಎಂದೂ ಆಡಿರಲಿಲ್ಲ. ಲ್ಯಾನ್ಸಿ ಸರ್‌ಗೂ ಅದು ನೆನಪಾಗಿರಬೇಕು. ಕನ್ನಡಕವನ್ನು ಮತ್ತೆ ಏರಿಸದೆ ಕೈಯಲ್ಲೇ ಹಿಡಿದುಕೊಂಡರು.

“ಅದೆಲ್ಲ ಆಮೇಲ್ ಕಾಂಬ,” ಎಂದರು ಯಜಮಾನರು. “ಆ ಒಂದ್ ಗಂಟೆ ವಾಪಸ್ ಸಿಕ್ಕತ್ತಾ ಇಲ್ಯಾ?”

ಡಿಸ್ಕಿನಿಂದ ಸಿಗುವ ಹಾಗಿರಲಿಲ್ಲ. ಉಳಿದದ್ದು ಡಬ್ಬಿಗಳು. ಪ್ರತಿ ಡಬ್ಬಿಯೂ ತಾನು ಕೇಳಿದ ಕೊನೆಯ ಮೂವತ್ತಾರು ಗಂಟೆಯ ಸದ್ದನ್ನು ತನ್ನ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಆಮೇಲೆ ಹಳತರ ಮೇಲೆ ಹೊಸತು ಬರೆಯುತ್ತದೆ. ಬುಧವಾರದ ಆ ಬೆಳಗು ಇವತ್ತು ಸಂಜೆ ಆರರಿಂದ ಅಳಿಸಿಹೋಗಲು ಶುರುವಾಗುತ್ತದೆ. ಡಬ್ಬಿ ಕೊಡುವುದೂ ಬಾವಿಯ ನೀರು ಸೇದಿದ ಹಾಗೆ: ಮೇಲಿನ ಹೊಸತು ಮೊದಲು, ತಳದ ಹಳತು ಕೊನೆಗೆ. ನಿಧಾನದ ಸೆಟ್ಟಿಂಗಿನಲ್ಲಿ ಒಂದು ಡಬ್ಬಿಯನ್ನು ಪೂರ್ತಿ ಸೇದಲು ಒಂಬತ್ತು ಗಂಟೆ. ಒಂದು ಮುಗಿಸಿ ಇನ್ನೊಂದರ ತಳ ಮುಟ್ಟುವುದರೊಳಗೆ ಉಳಿದ ಆರರಲ್ಲೂ ಆ ಹೊತ್ತು ಅಳಿಸಿಹೋಗಿರುತ್ತದೆ.

“ಹಾಂಗಾರೆ ವೇಗ ಹಾಕಿ ಏಳನ್ನೂ ಎಳೀರಿ,” ಎಂದರು ಯಜಮಾನರು.

“ಎಳೀಬಹುದು. ಆದ್ರೆ ಎಲ್ಲಿ ಚೆಲ್ತದೆ ಅಂತ ಹೇಳ್ಲಿಕ್ಕಾಗೂದಿಲ್ಲ.”

“ಏಳರಲ್ಲಿ ಎಂತಾದ್ರೂ ಸಿಕ್ಕತ್ತಲ್ಲ ಮಾರಾಯ್ರೆ. ನಾಲ್ಕ್ ಜೀವ.”

ಲ್ಯಾನ್ಸಿ ಸರ್ ಬೆರಳು ಗುಂಡಿಯ ಕಡೆ ಹೋಯಿತು. ವಾರಿಜಾ ತನ್ನ ಅಂಗೈಯನ್ನು ಅದರ ಮೇಲೆ ಮುಚ್ಚಿ ಇಟ್ಟಳು. ಅಂಗೈಗೆ ಇನ್ನೂ ಉಪ್ಪು ಮೆತ್ತಿಕೊಂಡಿತ್ತು.

“ಬೇಡ,” ಎಂದಳು. “ಒಂದೇ ಡಬ್ಬಿ. ಯಾವ್ದ್ ಅಂತ ನಾನ್ ಮನೆಗ್ ಹೋಯಿ ಕೇಂಡ್ಕಂಡ್ ಬತ್ತೆ.”

ಮನೆ ಬಂದರಿನ ಹಿಂದೆಯೇ, ಓಡಿದರೆ ಐದು ನಿಮಿಷ. ಅತ್ತಿಗೆ ಸುಮಿತ್ರಾ ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಅಕ್ಕಪಕ್ಕದ ಹೆಂಗಸರು ಜಗಲಿಯಲ್ಲಿದ್ದರು. ಒಳಗೆ ಒಲೆ ಉರಿಯುತ್ತಿತ್ತು. ಸಾರಿಗೆ ಇಡುವ ದಿನ ಇದಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬಂದಿರಲಿಲ್ಲ.

“ಅತ್ತಿಗೆ, ಅಣ್ಣ ನಿನ್ನೆ ಹೋದ್ದ್ ಎಲ್ಲಿಗೆ?”

“ತೆಂಕಕ್ಕೆ. ಪೊಲೀಸ್ರಿಗೂ ಹೇಳ್ದೆ, ಯಜಮಾನ್ರಿಗೂ ಹೇಳ್ದೆ. ನಿಂಗೂ ಬೇರೆ ಹೇಳ್ಕಾ?”

“ತೆಂಕದಲ್ಲಿ ಪೂರಾ ಕೆಸರ್ ಅತ್ತಿಗೆ. ಮೊನ್ನೆ ಸಾರಿಗೆ ಅಣ್ಣ ತಂದದ್ದ್ ಮುರುಮೀನ್. ಅದ್ ಕಲ್ಲಿದ್ದಲ್ಲಿ ಇಪ್ಪ ಮೀನ್.”

ತುರಿಯುವ ಕೈ ನಿಂತಿತು.

ವಾರಿಜಾ ಇದನ್ನು ವರ್ಷದಿಂದ ಗಮನಿಸಿದ್ದಳು. ಕಂಚಿಕೋಡಿಯಲ್ಲಿ ಒಳ್ಳೆಯ ಮೀನಿನ ಜಾಗ ಸಿಕ್ಕವನು ಅದನ್ನು ಯಾರಿಗೂ ಹೇಳುವುದಿಲ್ಲ. ಎಲ್ಲರ ಕಣ್ಣೆದುರು ಒಂದು ದಿಕ್ಕಿಗೆ ಹೊರಟು, ದಡ ಮರೆಯಾದ ಮೇಲೆ ದೋಣಿ ತಿರುಗಿಸುತ್ತಾನೆ. ಕಿವಿಯ ಯಂತ್ರಕ್ಕೆ ಮಾತ್ರ ಅದು ಗೊತ್ತು. ಒಬ್ಬರ ಬರಹವನ್ನು ಇನ್ನೊಬ್ಬರಿಗೆ ತೋರಿಸಬಾರದು, ದೋಣಿ ದಡ ಸೇರಿದೊಡನೆ ಆ ದಿನದ್ದನ್ನು ಅಳಿಸಿಬಿಡಬೇಕು ಎಂದು ಬಂದರಿನ ಸಭೆಯಲ್ಲಿ ತೆಂಗಿನಕಾಯಿ ಮುಟ್ಟಿ ಒಪ್ಪಿಕೊಂಡಿದ್ದರು. ಯಂತ್ರ ಬಿಟ್ಟರೆ ಹೆಂಡತಿಗೆ ಗೊತ್ತು.

“ನಾನ್ ಬಾಯಿ ಬಿಟ್ರೆ ನಾಳೆ ಅಲ್ಲಿ ನಲ್ವತ್ತ್ ದೋಣಿ ಇರ್ತ್,” ಎಂದಳು ಸುಮಿತ್ರಾ, ಜಗಲಿಯ ಕಡೆ ನೋಡಿ, ದನಿ ತಗ್ಗಿಸಿ. “ಅವ್ರ್ ವಾಪಸ್ ಬಂದ್ ನಂಗೆ ಬೈದ್ ಕೊಲ್ತ್ರ್. ಆಣೆ ಹಾಕ್ಸ್‌ಕಂಡಿದ್ರ್.”

“ಬೈಯುಕಾರೂ ಅಣ್ಣ ಬಪ್ಪುದ್ ಬೇಡ್ದಾ ಅತ್ತಿಗೆ?”

ಸುಮಿತ್ರಾ ತುರಿದ ಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಿನ್ನೆ ಸಂಜೆ ಪೊಲೀಸರು ಕೇಳಿದಾಗ, ಇನ್ನೊಂದು ಗಂಟೆಯಲ್ಲಿ ಗಂಡ ಬಾಗಿಲು ಬಡಿದೇ ಬಡಿಯುತ್ತಾನೆ, ಆಗ ಜಾಗ ಬಿಟ್ಟುಕೊಟ್ಟವಳಾಗಿ ತಾನು ನಿಲ್ಲಬಾರದು ಎಂದಷ್ಟೇ ಅವಳು ಯೋಚಿಸಿದ್ದಳು. ಈಗ ಆ ಯೋಚನೆಯ ಇನ್ನೊಂದು ತುದಿ ಕಂಡಿತು. ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. ಚಪ್ಪಲಿ ಮೆಟ್ಟಲಿಲ್ಲ.

ಕೋಣೆಗೆ ಬಂದು ಗೋಡೆಯ ನಕ್ಷೆಯ ಮುಂದೆ ನಿಂತು, ಯಜಮಾನರ ಎದುರೇ ಬಡಗು ದಿಕ್ಕಿನ ಕೊನೆಯ ಡಬ್ಬಿಯ ಮೇಲೆ ಬೆರಳಿಟ್ಟಳು. “ಇದ್ರ್ ಹತ್ರ ಒಂದ್ ಕಲ್ಲಿತ್ತಂಬ್ರ್. ನಾನ್ ಸುಳ್ಳ್ ಹೇಳಿದ್ದೆ.”

ಕಾಂಚನ್ ಯಜಮಾನರ ಬಾಯಿ ತೆರೆದುಕೊಂಡಿತು. ರಾತ್ರಿಯಿಡೀ ಹದಿನಾಲ್ಕು ದೋಣಿಗಳು ತೆಂಕಿನಲ್ಲಿ ಬೆಳಕು ಹಾಯಿಸಿ ಹುಡುಕಿದ್ದವು. ಬೈಗುಳ ಬರುತ್ತದೆಂದು ಎಲ್ಲರೂ ಕಾದರು. ಅವರು ಹೊರಗೆ ಹೋಗಿ ಜಗಲಿಯ ಕಂಬ ಹಿಡಿದು ನಿಂತರು, ಅಷ್ಟೆ. ಎರಡು ದೋಣಿಗಳನ್ನು ಬಡಗಿಗೆ ಕಳಿಸಿದರು. ಆದರೆ ಬಡಗಿನ ಕಲ್ಲುಸಾಲು ಒಂಬತ್ತು ಮೈಲಿ ಉದ್ದ, ಅಲೆ ಎದ್ದಿತ್ತು, ನೀರಿನ ಎಳೆತವೂ ಇತ್ತು. ಎಲ್ಲಿ ಎಂಬುದನ್ನು ಏಳನೆಯ ಡಬ್ಬಿಯೇ ಹೇಳಬೇಕಿತ್ತು.

ಎಂಟೂವರೆಗೆ ಸೇದಲು ಶುರು ಮಾಡಿದರು. ಹತ್ತು ಹತ್ತು ನಿಮಿಷದ ತುಂಡುಗಳಾಗಿ, ಸದ್ದು ಈಗಿನಿಂದ ಹಿಂದಕ್ಕೆ ಬರತೊಡಗಿತು. ಇವತ್ತಿನ ಬೆಳಗು, ಮುಂಜಾವು, ಕಳೆದ ರಾತ್ರಿ. ಪರದೆಯಲ್ಲಿ ಅದು ಬರೀ ದಪ್ಪ ಗೆರೆ: ನೀರು, ನೀರು, ನೀರು. ಲ್ಯಾನ್ಸಿ ಸರ್ ಎರಡು ಸಲ ಗಡಿಯಾರ ನೋಡಿ, ಎರಡು ಸಲವೂ ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು. ಅವಸರ ಮಾಡಲು ಯಂತ್ರದಲ್ಲಿ ಗುಂಡಿ ಇತ್ತು, ಒತ್ತುವ ಹಾಗಿರಲಿಲ್ಲ.

ಹನ್ನೆರಡೂವರೆಯ ಸುಮಾರಿಗೆ ಗೆರೆಯ ಮೇಲೆ ಒಂದು ಮುಳ್ಳು ಎದ್ದಿತು. ಬುಧವಾರ ಸಂಜೆ ನಾಲ್ಕೂ ಹತ್ತು.

ವಾರಿಜಾ ಅದನ್ನು ಕೇಳಿಸಿದಳು. ಟಕ್. ಎಲ್ಲೋ ದೂರದಲ್ಲಿ ಮರದ ಮೇಲೆ ಮರ. ಅಷ್ಟೇ, ಮತ್ತೆ ನೀರು.

“ಮರದ ದಿಮ್ಮಿ ತಾಗಿದ್ದು ಇರ್ಬಹುದು,” ಎಂದರು ಲ್ಯಾನ್ಸಿ ಸರ್, ಮೆಲ್ಲಗೆ.

ಅದರ ಹಿಂದಿನ ತುಂಡು ಬಂತು. ಮೂರು ಮುಳ್ಳುಗಳು. ಎರಡು ಹತ್ತಿರ ಹತ್ತಿರ, ಒಂದು ತಡೆದು. ಟಕ್ ಟಕ್. ಟಕ್.

ಸುಮಿತ್ರಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹನ್ನೊಂದು ವರ್ಷದಿಂದ ಶೀನ ಮನೆಯ ಬಾಗಿಲನ್ನು ಬಡಿಯುವ ಕ್ರಮ ಅದು. ಬೇರೆ ಯಾರು ಬಡಿದರೂ ಅವಳು ಒಳಗಿನಿಂದಲೇ ‘ಯಾರದ್’ ಎಂದು ಕೇಳುತ್ತಿದ್ದಳು. ಅವನು ಬಡಿದಾಗ ಮಾತ್ರ ಕೇಳದೆ ಚಿಲಕ ತೆಗೆಯುತ್ತಿದ್ದಳು.

“ಅವ್ರೇ,” ಎಂದಳು.

ದೋಣಿ ಮಗುಚಿಬಿದ್ದು, ಅದನ್ನು ಹಿಡಿದುಕೊಂಡವರು ಮರಕ್ಕೆ ಬಡಿಯುತ್ತಿದ್ದರು. ಕಡಲಿಗೆ ಕಿವಿ ಇದೆಯೆಂದು ಅವರಿಗೆ ಗೊತ್ತಿತ್ತು. ಅದು ಕೇಳುತ್ತದೆಂದು ನಂಬಿದ್ದರು. ಏಳನೆಯ ಡಬ್ಬಿಯ ಸುತ್ತ ಮೂರು ಮೈಲಿಯೊಳಗೆ ಎಂದು ಲ್ಯಾನ್ಸಿ ಸರ್ ವೈರ್‌ಲೆಸ್ಸಿನಲ್ಲಿ ಕೂಗಿದರು. ಇದ್ದ ದೋಣಿಗಳೆಲ್ಲ ಅತ್ತ ತಿರುಗಿದವು. ತೆಂಕಿನಲ್ಲಿದ್ದವಕ್ಕೆ ಅಲ್ಲಿಗೆ ಎರಡೂವರೆ ಗಂಟೆಯ ದಾರಿ.

ಅಷ್ಟು ಹೊತ್ತೂ ಸದ್ದು ಹಿಂದಕ್ಕೆ ಹೋಗುತ್ತಲೇ ಇತ್ತು. ಬುಧವಾರದ ಮೂರು ಗಂಟೆಯ ತುಂಡಿನಲ್ಲಿ ಬಡಿತ ಹತ್ತು ಸಲ. ಎರಡರಲ್ಲಿ ಇಪ್ಪತ್ತು. ಮಧ್ಯಾಹ್ನ ಹನ್ನೆರಡರಲ್ಲಿ ಇನ್ನೊಂದು ಕೈ ಸೇರಿತ್ತು. ಶೀನನದು ಎರಡು-ಒಂದು, ಮತ್ತೊಂದು ಬರೀ ಸಾಲು ಸಾಲು. ಹತ್ತು ಗಂಟೆಗೆ ಬಂದಾಗ ನಾಲ್ಕು ಕೈಗಳು, ಗಟ್ಟಿಯಾಗಿ, ಕೋಪದಲ್ಲಿ ಎನ್ನುವ ಹಾಗೆ. ಸುಮಿತ್ರಾಳ ಮುಖ ಅರಳುತ್ತ ಬಂತು. “ಈಗ ಕಾಣ್ ಹೆಣ್ಣೆ, ಎಷ್ಟ್ ಗಟ್ಟಿ ಇದ್ರ್,” ಎಂದು ವಾರಿಜಾಳ ತೋಳು ಹಿಡಿದಳು. ಇದು ಹಿಂದಕ್ಕೆ ಹೋಗುತ್ತಿರುವ ಹೊತ್ತು, ಎಲ್ಲಕ್ಕಿಂತ ಮೆಲ್ಲಗಿನ ಆ ಒಂದು ಬಡಿತವೇ ಕೊನೆಯದು ಎಂದು ಅವಳಿಗೆ ಯಾರೂ ಹೇಳಲಿಲ್ಲ. ಅವಳಿಗೆ ಗೊತ್ತಿರಲಿಲ್ಲವೆಂದೂ ಅಲ್ಲ.

ವಾರಿಜಾ ಲೆಕ್ಕ ಹಾಕಿದಳು. ನಿನ್ನೆ ಹತ್ತು ಗಂಟೆಗೆ ತಾನು ಇದೇ ನೆಲ ಒರೆಸುತ್ತಿದ್ದೆ. ಹನ್ನೊಂದಕ್ಕೆ ಲ್ಯಾನ್ಸಿ ಸರ್ ಇದೇ ಮೇಜಿನ ಮೇಲೆ ಹೊಸ ಕೇಬಲ್ಲಿನ ಪೊಟ್ಟಣ ಬಿಚ್ಚುತ್ತಿದ್ದರು. ಈ ಬಡಿತ ಆಗಲೂ ಈ ಯಂತ್ರಕ್ಕೆ ಬರುತ್ತಲೇ ಇತ್ತು. ಅದಕ್ಕೆ ಎಂಜಿನ್ನು ಗೊತ್ತು, ಮೀನು ಗೊತ್ತು; ಮರಕ್ಕೆ ಬಡಿಯುವ ಮನುಷ್ಯರನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. ಗಂಗಾಮತಿ ಬಡಗಿಗೆ ತಿರುಗಿದ್ದನ್ನಾದರೂ ಹೇಳಬಹುದಿದ್ದ ಆ ಒಂದು ಗಂಟೆಯನ್ನು ತನ್ನ ಬೆರಳೇ ಚೆಲ್ಲಿತ್ತು.

ಮೂರೂ ಕಾಲಿಗೆ ವೈರ್‌ಲೆಸ್ಸು ಗರಗರ ಎಂದಿತು. ಹುಡುಕಲು ಹೋಗಿದ್ದ ಒಬ್ಬ ತಂಡೇಲನ ದನಿ. “ನೀರಿನ್ ಮೇಲೆ ಎಣ್ಣೆ ಇತ್ತ್. ಗಂಗಾಮತಿ ಅಂತ ಬರ್ದ ಒಂದ್ ಕ್ಯಾನ್ ಸಿಕ್ತ್. ದೋಣಿ ಕಾಂತಿಲ್ಲೆ. ಜನವೂ ಕಾಂತಿಲ್ಲೆ.”

ಯಜಮಾನರು ಮೈಕನ್ನು ಕೆಳಗಿಟ್ಟರು.

ವಾರಿಜಾ ಕೇಳಿದಳು, “ಸರ್, ಬೆಳಿಗ್ಗೆ ಡಬ್ಬಿ ಸರಿ ಇತ್ತಾ ಅಂತ ಕಾಂಬುಕೆ ನೀರಿನಡಿಗೆ ಒಂದ್ ಬೀಪ್ ಹಾಕ್ತ್ರಿ ಅಲ್ದಾ. ಆ ಸ್ಪೀಕರಲ್ಲಿ ಮಾತ್ ಹೋತ್ತಾ?”

ಲ್ಯಾನ್ಸಿ ಸರ್ ಅವಳನ್ನು ನೋಡಿದರು. ಈ ಸಲ ನಗಲಿಲ್ಲ. ಒಂದು ತಂತಿ ಕಿತ್ತು ಇನ್ನೊಂದಕ್ಕೆ ಜೋಡಿಸಿದರು, ಮೈಕನ್ನು ಅವಳ ಮುಂದೆ ಸರಿಸಿದರು. ಯಜಮಾನರು ವೈರ್‌ಲೆಸ್ಸಿನಲ್ಲಿ ಅಲ್ಲಿದ್ದ ಎಲ್ಲ ದೋಣಿಗಳಿಗೂ ಎಂಜಿನ್ ನಿಲ್ಲಿಸಲು ಹೇಳಿದರು. ಪರದೆಯಲ್ಲಿ ಈಗಿನ ಸದ್ದಿನ ಗೆರೆ ತೆಳ್ಳಗಾಗುತ್ತ ಬಂದು ದಾರದಂತೆ ನೆಟ್ಟಗಾಯಿತು. ಇಷ್ಟು ಸುಮ್ಮನಿದ್ದ ಕಡಲನ್ನು ಆ ಯಂತ್ರ ಎಂದೂ ಕೇಳಿರಲಿಲ್ಲ.

ಈ ಮೈಕನ್ನು ವಾರಿಜಾ ಎರಡು ವರ್ಷದಿಂದ ದಿನಾ ಒರೆಸಿದ್ದಳು. ಅದರಲ್ಲಿ ಮಾತಾಡಿದ್ದು ಇಲ್ಲ. ಅದರ ಗುಂಡಿ ಒತ್ತಿ ಹಿಡಿದು, ಮೇಜಿನ ಹಲಗೆಗೆ ಗೆಣ್ಣಿನಿಂದ ಬಡಿದಳು. ಎರಡು ಬೇಗ, ಒಂದು ತಡೆದು. ಗುಂಡಿ ಬಿಟ್ಟಳು.

ಗೆರೆ ಹಾಗೆಯೇ ಇತ್ತು.

ಮತ್ತೆ ಬಡಿದಳು. ಸುಮಿತ್ರಾ ಪಕ್ಕದಲ್ಲಿ ಬಂದು ನಿಂತು, ಚಿಲಕಕ್ಕೆ ಚಾಚಿದ ಹಾಗೆ ಕೈಯನ್ನು ಪರದೆಯ ಹತ್ತಿರ ಹಿಡಿದಿದ್ದಳು. ಒಂದು ನಿಮಿಷ. ಎರಡು ನಿಮಿಷ.

ವಾರಿಜಾ ಮೈಕಿಗೆ ಬಾಯಿ ಹತ್ತಿರ ತಂದಳು. ನೆಲ ನೋಡಲಿಲ್ಲ. ದನಿ ತಗ್ಗಿಸಲಿಲ್ಲ.

“ಅಣ್ಣಾ, ನಾನ್ ವಾರಿಜಾ. ಎಲ್ಲ ಎಂಜಿನ್ ನಿಲ್ಸಿದ್ರ್. ನಾವ್ ಕೇಂತಾ ಇದ್ದೊ. ಒಂದ್ಸಲ ಬಡಿ.”